ಕಡಲಾಚೆಯ ಮೊದಲ ಮಾತು

ಅಪರಿಚಿತ ದಡದಲ್ಲಿ ಹಡಗಿನಿಂದಿಳಿದ ಮನುಷ್ಯನಿಗೆ ಮೊಟ್ಟಮೊದಲು ಎದುರಾಗುವ ತೊಡಕು ಮಾತಿನದು. ಅನ್ನವನ್ನು ಸನ್ನೆಯಿಂದ ಬೇಡಬಹುದು; ನೀರನ್ನು ಬೊಗಸೆಯೊಡ್ಡಿ ಕೇಳಬಹುದು; ಆದರೆ ‘ನಾನು ಯಾರು, ನೀನು ಯಾರು’ ಎಂಬುದನ್ನು ಹೇಳಿಕೊಳ್ಳಲು ಮಾತೇ ಬೇಕು. ಆ ಮಾತು ಇಲ್ಲದಿರುವಾಗ ಇಬ್ಬರು ಮನುಷ್ಯರು ಹೇಗೆ ಹತ್ತಿರವಾಗುತ್ತಾರೆ, ಅಥವಾ ಏಕೆ ಹತ್ತಿರವಾಗದೆ ಹೋಗುತ್ತಾರೆ ಎಂಬುದು ಲೋಕದ ಸಾಹಿತ್ಯವು ಬಹಳ ಹಿಂದಿನಿಂದ ಕೈಗೆತ್ತಿಕೊಂಡು ಬಂದ ವಸ್ತು. ಈ ವಸ್ತುವನ್ನು ಒಬ್ಬ ಕವಿಯು ಹೇಗೆ ನಿರ್ವಹಿಸಿದನೆಂಬುದರಿಂದ ಅವನ ಮನುಷ್ಯದೃಷ್ಟಿಯ ಅಳತೆಯನ್ನು ತಿಳಿಯಬಹುದೆಂದು ನಮ್ಮ ಅಭಿಪ್ರಾಯ. ಎದುರಿನವನ ಬಾಯಿಂದ ಹೊರಟದ್ದು ಅವನ ಕಿವಿಗೆ ಬರಿಯ ಸದ್ದಾಗಿ ಕೇಳಿಸಿತೆ, ಅರ್ಥವುಳ್ಳ ನುಡಿಯಾಗಿ ಕೇಳಿಸಿತೆ? ಇಬ್ಬರಲ್ಲಿ ಕಲಿತವರು ಯಾರು? ನಗೆ ಬಿದ್ದದ್ದು ಯಾರ ಮೇಲೆ? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನಾಲ್ಕು ಹಳೆಯ ಕೃತಿಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅವುಗಳಲ್ಲಿ ಮೊದಲನೆಯದು ನಮ್ಮ ಕರಾವಳಿಗೆ ಸಂಬಂಧಪಟ್ಟುದೆಂದು ಕೆಲವು ವಿದ್ವಾಂಸರು ಹೇಳುವ ಕೃತಿ. ಅದರ ಹೆಸರನ್ನು ಕೇಳಿ ಹೆಮ್ಮೆಪಟ್ಟ ಕನ್ನಡಿಗರು ಬಹಳ. ಅದರ ಕಥೆಯನ್ನು ಕೂಲಂಕಷವಾಗಿ ನೋಡಿದವರು ಕಡಮೆ.

೧

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಅಗೆದು ತೆಗೆದ ಜೊಂಡಿನ ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವು ದೊರೆಯಿತು. ಅದನ್ನು ಅವರು ೧೯೦೩ರಲ್ಲಿ ೪೧೩ನೆಯ ಸಂಖ್ಯೆಯ ಹಾಳೆಯಾಗಿ ಅಚ್ಚು ಹಾಕಿಸಿದರು. ಹಾಳೆಯು ಕ್ರಿಸ್ತಶಕ ಎರಡನೆಯ ಶತಮಾನಕ್ಕೆ ಸೇರಿದುದೆಂದು ಲಿಪಿಯಿಂದ ತಿಳಿದವರು ಹೇಳುತ್ತಾರೆ. ಕೃತಿಯ ಹೆಸರೂ ಕರ್ತೃವಿನ ಹೆಸರೂ ಉಳಿದಿಲ್ಲ. ಕಥಾನಾಯಿಕೆಯ ಹೆಸರಿನಿಂದ ಅದನ್ನು ‘ಚಾರಿಷನ್’ ಎಂದು ಕರೆಯುವುದು ವಾಡಿಕೆಯಾಗಿದೆ. ಇದು ಓದುವುದಕ್ಕಾಗಿ ಬರೆದ ಪ್ರತಿಯಲ್ಲ, ಆಡುವುದಕ್ಕಾಗಿ ಬರೆದುಕೊಂಡ ಪ್ರತಿ. ಎಲ್ಲಿ ವಾದ್ಯ ಬಾರಿಸಬೇಕು ಎಂಬ ಗುರುತುಗಳು ಕೂಡ ಅದರಲ್ಲಿವೆ. ನಮ್ಮ ಮೇಳಗಳ ಭಾಗವತರು ಇಟ್ಟುಕೊಳ್ಳುವ ಪ್ರಸಂಗದ ಪ್ರತಿಯನ್ನು ಕಂಡವರಿಗೆ ಇದರ ಸ್ವರೂಪವು ಸುಲಭವಾಗಿ ಮನವರಿಕೆಯಾಗುವುದು.

ಕಥೆ ಸರಳವಾದುದು. ಚಾರಿಷನ್ ಎಂಬ ಗ್ರೀಕ್ ತರುಣಿಯು ಭಾರತದ ಕಡಲ ದಡದಲ್ಲಿ ಚಂದ್ರದೇವತೆಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಆ ನಾಡಿನ ರಾಜನು ಆಕೆಯನ್ನು ದೇವತೆಗೆ ಬಲಿಕೊಡಲು ಯೋಚಿಸಿದ್ದಾನೆ. ಆಕೆಯ ಅಣ್ಣನು ಹಡಗಿನ ನಾಯಕನೊಡನೆಯೂ ಒಬ್ಬ ವಿದೂಷಕನೊಡನೆಯೂ ಬಂದು ತಂಗಿಯನ್ನು ಬಿಡಿಸಿಕೊಂಡು ಹೋಗಲು ಹವಣಿಸುತ್ತಾನೆ. ರಾಜನೂ ಅವನ ಪರಿವಾರವೂ ತಮ್ಮ ಭಾಷೆಯಲ್ಲಿ ಮಾತನಾಡುತ್ತಾರೆ; ಗ್ರೀಕರಿಗೆ ಅದು ತಿಳಿಯದು. ಕೊನೆಗೆ ಗ್ರೀಕರು ನೀರು ಬೆರಸದ ದ್ರಾಕ್ಷಾಮದ್ಯವನ್ನು ಅವರಿಗೆ ಕುಡಿಸಿ, ಮತ್ತೇರಿದ ರಾಜನನ್ನು ಕಟ್ಟಿಹಾಕಿ, ಹಡಗನ್ನೇರಿ ಪಾರಾಗುತ್ತಾರೆ. ನಡುನಡುವೆ ವಿದೂಷಕನ ಒರಟು ಹಾಸ್ಯವು ಯಥೇಚ್ಛವಾಗಿದೆ. ಅದರ ಬಹುಭಾಗವನ್ನು ಇಲ್ಲಿ ವಿವರಿಸುವುದು ಉಚಿತವಲ್ಲ.

ಗ್ರೀಕ್ ನಾಟಕಗಳನ್ನು ಬಲ್ಲವರಿಗೆ ಈ ಕಥೆಯ ಮೂಲವು ಕೂಡಲೆ ಹೊಳೆಯುವುದು. ಯೂರಿಪಿಡೀಸ್ ಮಹಾಕವಿಯು ಟೌರಿಯನ್ನರ ನಾಡಿನ ಇಫಿಜೀನಿಯೆಯನ್ನು ಕುರಿತು ಬರೆದ ನಾಟಕದಲ್ಲಿಯೂ ಪರದೇಶದ ಗುಡಿಯಲ್ಲಿ ಸಿಕ್ಕಿಕೊಂಡ ತಂಗಿ ಅಥವಾ ಅಕ್ಕ, ಬಿಡಿಸಲು ಬಂದ ಸೋದರ, ಮೋಸಹೋದ ಪರನಾಡ ದೊರೆ, ಕಡಲ ಮೇಲಿನ ಪಲಾಯನ ಇವೆಲ್ಲವೂ ಇವೆ. ಪ್ರಹಸನಕಾರನು ಆ ಗಂಭೀರ ಕಥೆಯನ್ನು ಸಂತೆಯ ನಗೆಗೆ ಇಳಿಸಿದ್ದಾನೆ. ಆದರೆ ಇಲ್ಲಿ ಒಂದು ಮಾತನ್ನು ಅವನ ಪರವಾಗಿ ಅವಶ್ಯವಾಗಿ ಹೇಳಬೇಕಾಗಿದೆ. ಯೂರಿಪಿಡೀಸನ ನಾಟಕದಲ್ಲಿ ಪರನಾಡಿನ ದೊರೆ ಥೋವಾಸನು ಶುದ್ಧ ಗ್ರೀಕಿನಲ್ಲಿಯೇ ಮಾತನಾಡುತ್ತಾನೆ. ಅದು ನಾಟಕದ ಸಂಪ್ರದಾಯ, ಯಾರೂ ಆಕ್ಷೇಪಿಸಲಿಲ್ಲ. ಈ ಅನಾಮಧೇಯ ಪ್ರಹಸನಕಾರನಾದರೋ, ಕಡಲಾಚೆಯ ಜನರಿಗೆ ತಮ್ಮದೇ ಆದ ಭಾಷೆಯೊಂದಿದೆ, ಅದು ನಮಗೆ ತಿಳಿಯುವುದಿಲ್ಲ ಎಂಬ ಸತ್ಯವನ್ನು ರಂಗದ ಮೇಲೆ ತಂದನು. ಮಹಾಕವಿಯು ಬಿಟ್ಟುಹೋದುದನ್ನು ಸಂತೆಯ ಹಾಸ್ಯಗಾರನು ಕಂಡನು. ಇದು ಸಣ್ಣ ಗುಣವಲ್ಲ.

೨

ಪರಿವಾರದವರ ಬಾಯಲ್ಲಿ ಗ್ರೀಕ್ ಲಿಪಿಯಲ್ಲಿ ಬರೆದಿರುವ ಆ ಮಾತುಗಳು ಯಾವ ಭಾಷೆಯವು? ಜರ್ಮನ್ ವಿದ್ವಾಂಸ ಹುಲ್ಟ್ಸ್ ಅವರು ೧೯೦೪ರಲ್ಲಿ ಇವು ಕನ್ನಡದ ಮಾತುಗಳಿರಬೇಕೆಂದು ಸೂಚಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತಂದುಕೊಟ್ಟ ಆರ್. ಶಾಮಾಶಾಸ್ತ್ರಿಗಳು ಅದನ್ನು ಬೆಂಬಲಿಸಿ, ‘ಬೇರೆ’, ‘ಕೊಂಚ’, ‘ಪಾತ್ರ’ ಮೊದಲಾದ ಪದಗಳನ್ನು ಅಲ್ಲಿ ಗುರುತಿಸಿ, ಕುಡಿಯುವ ಸಂದರ್ಭಕ್ಕೆ ಹೊಂದುವಂತೆ ಅರ್ಥ ಮಾಡಿದರು. ಬಾರ್ನೆಟ್ ಎಂಬ ಆಂಗ್ಲ ಪಂಡಿತರು ೧೯೨೬ರಲ್ಲಿ ಇದನ್ನು ಒಪ್ಪಲಿಲ್ಲ. ಬಿ. ಎ. ಸಾಲೆತ್ತೂರರು ತುಳುವದ ಇತಿಹಾಸವನ್ನು ಬರೆಯುವಾಗ ಕಥೆ ನಡೆದ ಸ್ಥಳವು ಮಲ್ಪೆಯ ಬಳಿಯ ವಡಭಾಂಡೇಶ್ವರವೆಂದು ಊಹಿಸಿದರು. ಇವು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಇದ್ದಾರೆ. ಯಾವ ಭಾಷೆಯೂ ಅಲ್ಲ, ನಗಿಸಲು ಹೆಣೆದ ಬರಿಯ ಸದ್ದು ಎಂದವರೂ ಇದ್ದಾರೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕೂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು. ಇಂದಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಈ ವಾದವನ್ನು ತೀರ್ಮಾನಿಸುವ ಯೋಗ್ಯತೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗಿಲ್ಲ. ಆದರೆ ವಾದದ ಭರಾಟೆಯಲ್ಲಿ ಕೇಳದೆ ಉಳಿದ ಒಂದು ಪ್ರಶ್ನೆಯನ್ನು ಕೇಳುವ ಅಧಿಕಾರವು ಯಾವ ಓದುಗನಿಗಾದರೂ ಇದೆ. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡವಿದೆಯೆಂದು ನಾವು ಸಭೆಗಳಲ್ಲಿ ಹೇಳಿಕೊಳ್ಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಇದ್ದುದು ಕನ್ನಡವೇ ಎಂದಿಟ್ಟುಕೊಳ್ಳೋಣ. ಹಾಗಾದರೆ ಅದು ಅಲ್ಲಿ ಯಾವ ಕೆಲಸಕ್ಕಾಗಿ ಇದೆ? ಪ್ರೇಕ್ಷಕರು ಅದನ್ನು ಕೇಳಿ ಏನು ಮಾಡಬೇಕೆಂದು ಕವಿಯ ಅಪೇಕ್ಷೆ?

ಉತ್ತರವು ಅಷ್ಟೇನೂ ಸಂತೋಷದ್ದಲ್ಲ. ಅವರು ನಗಬೇಕೆಂದೇ ಅದನ್ನು ಇಟ್ಟಿದೆ. ಪರಿವಾರದವರು ಒಂದು ಪದವನ್ನು ಕೂಗುತ್ತಾರೆ. ವಿದೂಷಕನು ಅದೇ ಪದವನ್ನು ಹಿಡಿದು, ಅದು ನಿಮ್ಮನ್ನೇ ಒದೆಯಲಿ ಎಂಬರ್ಥದ ಬೈಗಳನ್ನಾಗಿ ತಿರುಗಿಸುತ್ತಾನೆ. ಅವನಿಗೆ ಅರ್ಥ ಬೇಕಾಗಿಲ್ಲ. ಇನ್ನೊಂದು ಕಡೆ, ಇವರು ಏನು ಹೇಳುತ್ತಿದ್ದಾರೆ ಎಂದು ಅವನು ಕೇಳಿದಾಗ ಗ್ರೀಕರ ಗುಂಪಿನಲ್ಲೇ ಒಬ್ಬನು, ಪಾಲಿಗಾಗಿ ಚೀಟಿ ಎತ್ತೋಣ ಎನ್ನುತ್ತಿದ್ದಾರೆ ಎಂದು ತಿಳಿಸುತ್ತಾನೆ. ಇಡೀ ಪ್ರಹಸನದಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡುದು ಈ ಕಿರಿದಾದ ಉತ್ತರ. ಅದರಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಗ್ರೀಕರಲ್ಲಿ ಒಬ್ಬನಾದರೂ ಆ ನಾಡಿನ ಮಾತನ್ನು ಬಲ್ಲವನಿದ್ದನು. ಮತ್ತು ಆ ಸದ್ದಿನ ಒಳಗೆ, ನ್ಯಾಯವಾಗಿ ಪಾಲು ಹಂಚಿಕೊಳ್ಳೋಣ ಎಂಬ ಸಾಮಾನ್ಯ ಮನುಷ್ಯರ ಸಾಮಾನ್ಯ ಮಾತೇ ಇತ್ತು. ಕವಿಯು ಬಾಗಿಲನ್ನು ಒಂದು ಬೆರಳಗಲ ತೆರೆದನು; ಕೂಡಲೆ ಮುಚ್ಚಿಯೂ ಬಿಟ್ಟನು. ಮಾತು ಬಲ್ಲ ಆ ಒಬ್ಬನು ರಾಜನೊಡನೆ ಕುಳಿತು ಒಂದು ಮಾತನ್ನಾದರೂ ಆಡಿದ್ದರೆ ಪ್ರಹಸನವು ಅಲ್ಲಿಗೇ ನಿಲ್ಲುತ್ತಿತ್ತು, ಬಹುಶಃ ನಾಟಕವು ಪ್ರಾರಂಭವಾಗುತ್ತಿತ್ತು.

ಇನ್ನೂ ಒಂದು ಸೂಕ್ಷ್ಮವಿದೆ. ರಾಜನು ಚಂದ್ರದೇವತೆಯನ್ನು ಕುರಿತು ಹಾಡಿ ಕುಣಿತಕ್ಕೆ ತೊಡಗುವಾಗ ಅವನ ಬಾಯಿಂದ ಗ್ರೀಕ್ ಛಂದಸ್ಸಿನ ಗ್ರೀಕ್ ಪದ್ಯವೇ ಹೊರಡುತ್ತದೆ. ತನ್ನ ಕುಣಿತವನ್ನು ಅವನು ತಾನೇ ‘ಅನಾಗರಿಕ’ ಕುಣಿತವೆಂದು ಕರೆದುಕೊಳ್ಳುತ್ತಾನೆ! ಗಾಂಭೀರ್ಯ ಬೇಕಾದಾಗ ಕವಿಯು ತನ್ನ ಭಾಷೆಯನ್ನು ಅವನಿಗೆ ಸಾಲ ಕೊಡುತ್ತಾನೆ. ನಗೆ ಬೇಕಾದಾಗ ಅವನ ಭಾಷೆಯನ್ನು ಅವನಿಗೆ ಹಿಂದಿರುಗಿಸುತ್ತಾನೆ. ಭಕ್ತಿಯು ನಮ್ಮ ಭಾಷೆಯಲ್ಲಿ, ಗದ್ದಲವು ಅವರ ಭಾಷೆಯಲ್ಲಿ. ಈ ವಿಂಗಡಣೆಯು ಆ ಒಬ್ಬ ಪ್ರಹಸನಕಾರನೊಡನೆ ಸತ್ತುಹೋಗಲಿಲ್ಲ ಎಂಬುದನ್ನು ಮುಂದೆ ನೋಡುವೆವು.

ಗ್ರೀಕರು ಆ ನಾಡಿನವರನ್ನು ಹತ್ತಿರ ಮಾಡಿಕೊಂಡುದು ಮದ್ಯದಿಂದ. ಮಾತು ಬಾರದ ಕಡೆ ಕೂಡಿ ಉಣ್ಣುವುದೂ ಕೂಡಿ ಕುಡಿಯುವುದೂ ಮನುಷ್ಯರನ್ನು ಕೂಡಿಸುತ್ತದೆಂಬುದು ಸರ್ವರಿಗೂ ತಿಳಿದ ವಿಷಯ. ಇಲ್ಲಿ ಆ ಸ್ನೇಹದ ಬಟ್ಟಲೇ ಬಲೆಯಾಗಿದೆ. ಈ ನಾಡಿನಲ್ಲಿ ಇಂತಹ ಮದ್ಯವು ಕೊಳ್ಳಲು ಸಿಗುವುದಿಲ್ಲ, ಆದುದರಿಂದ ಇವರು ತಿಳಿಯದೆ ಹಾಗೆಯೇ ಕುಡಿಯುವರು ಎಂಬುದು ಗ್ರೀಕರ ಲೆಕ್ಕ. ಆದರೆ ಅದೇ ಕಾಲದ ವರ್ತಕರ ಲೆಕ್ಕವು ಬೇರೆಯೇ ಇತ್ತು. ಎರಿತ್ರಿಯನ್ ಸಮುದ್ರದ ಪೆರಿಪ್ಲಸ್ ಎಂಬ ಗ್ರೀಕ್ ನಾವಿಕರ ಕೈಪಿಡಿಯು ಮುಜಿರಿಸ್ ಮೊದಲಾದ ಪಶ್ಚಿಮ ತೀರದ ರೇವುಗಳಿಗೆ ಬರುತ್ತಿದ್ದ ಸರಕುಗಳಲ್ಲಿ ದ್ರಾಕ್ಷಾಮದ್ಯವನ್ನೂ ಹೇಳಿದೆ. ಸ್ಟ್ರಾಬೊ ಎಂಬ ಭೂಗೋಳಜ್ಞನು ತನ್ನ ಕಾಲದಲ್ಲಿ ಕೆಂಪು ಸಮುದ್ರದ ಮಿಯೋಸ್ ಹಾರ್ಮೋಸ್ ರೇವಿನಿಂದ ೧೨೦ರಷ್ಟು ಹಡಗುಗಳು ಭಾರತಕ್ಕೆ ಹೊರಡುತ್ತಿದ್ದುವೆಂದು ಬರೆದನು. ಮುಜಿರಿಸ್ ವ್ಯಾಪಾರಕ್ಕಾಗಿ ಎತ್ತಿದ ಸಾಲದ ಕರಾರು ಪತ್ರವೊಂದು ಎರಡನೆಯ ಶತಮಾನದ್ದು ವಿಯೆನ್ನಾದಲ್ಲಿದೆ. ಈಜಿಪ್ಟಿನ ಆ ರೇವುಗಳಲ್ಲಿ ಅಗೆದಾಗ ತಮಿಳು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಬರೆದ ಮಡಕೆಯ ಚೂರುಗಳು ದೊರೆತಿವೆ. ಅಂದರೆ ಇತ್ತಣ ಜನರು ಅತ್ತಲೂ, ಅತ್ತಣ ಜನರು ಇತ್ತಲೂ ಹೋಗಿ ಇದ್ದು, ತೂಕ ಹಾಕಿ, ಚೌಕಾಸಿ ಮಾಡಿ, ಕರಾರು ಬರೆದು ಬಾಳಿದರು. ಮೆಣಸಿನ ಒಂದು ಮೂಟೆಯೂ ಬರಿಯ ಸನ್ನೆಯಿಂದ ಈಜಿಪ್ಟಿಗೆ ಹೋಗಿರಲಾರದು. ಎರಡು ಕಡೆಯಲ್ಲಿಯೂ ಮಾತು ಕಲಿತವರು ಇದ್ದರು. ಆ ಕಲಿತವರ ಹೆಸರು ಯಾವ ನಾಟಕಕ್ಕೂ ಬರಲಿಲ್ಲ. ಕಲಿಯದವನ ನಗೆಯು ಮಾತ್ರ ಜೊಂಡಿನ ಹಾಳೆಯಲ್ಲಿ ಉಳಿಯಿತು.

ಪ್ರಹಸನದಲ್ಲಿ ಗೌರವಾರ್ಹವಾದ ಪಾತ್ರವು ಚಾರಿಷನ್ ಒಬ್ಬಳೇ. ಓಡಿಹೋಗುವಾಗ ಗುಡಿಯ ಕಾಣಿಕೆಗಳಲ್ಲಿ ಒಂದನ್ನು ಹೊತ್ತುಕೊಂಡು ಹೋಗೋಣವೆಂದು ವಿದೂಷಕನು ಹೇಳಿದಾಗ ಆಕೆ ತಡೆಯುತ್ತಾಳೆ. ಬಿಡುಗಡೆಯನ್ನು ಬೇಡುವವರು ದೇವರ ಒಡವೆಗೆ ಕೈಹಾಕಬಾರದೆಂಬುದು ಆಕೆಯ ನಿಲುವು. ತನ್ನನ್ನು ಬಲಿಗೊಡಲಿದ್ದ ಜನರ ದೇವತೆಯನ್ನೂ ಆಕೆ ದೇವತೆಯೆಂದೇ ಕಂಡಳು. ಆ ಗುಡಿಯಲ್ಲಿ ಬಾಳಿದ ದಿನಗಳಲ್ಲಿ ಆಕೆಯು ಆ ಜನರಿಂದ ಏನನ್ನೋ ತಿಳಿದುಕೊಂಡಿರಬೇಕು. ಕವಿಯು ಅದನ್ನು ಬೆಳೆಸಲಿಲ್ಲ.

೩

ಇಂತಹ ವಸ್ತುವಿನಲ್ಲಿ ನಗೆಗೆ ಬೇರೆ ದಾರಿಯೇ ಇಲ್ಲವೆ ಎಂದು ಕೇಳುವವರಿಗೆ ಉತ್ತರವಾಗಿ, ಚಾರಿಷನ್‌ಗಿಂತಲೂ ಮುನ್ನೂರು ವರ್ಷ ಹಿಂದಿನ ಲ್ಯಾಟಿನ್ ಹಾಸ್ಯನಾಟಕವೊಂದಿದೆ: ಪ್ಲಾಟಸ್ ಕವಿಯ ‘ಪೀನುಲಸ್’, ಅಂದರೆ ಕಾರ್ಥೇಜಿನವನ ಕಥೆ. ರೋಮಿಗೂ ಕಾರ್ಥೇಜಿಗೂ ನಡೆದ ಎರಡನೆಯ ಮಹಾಯುದ್ಧವು ಕ್ರಿಸ್ತಪೂರ್ವ ೨೦೧ರಲ್ಲಿ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಹ್ಯಾನಿಬಲನ ಹೆಸರು ಕೇಳಿದರೆ ರೋಮಿನ ತಾಯಂದಿರು ಇನ್ನೂ ನಡುಗುತ್ತಿದ್ದ ದಿನಗಳವು. ಅಂತಹ ಪ್ರೇಕ್ಷಕರ ಮುಂದೆ ಪ್ಲಾಟಸನು ಹ್ಯಾನೊ ಎಂಬ ಕಾರ್ಥೇಜಿನ ಮುದುಕನನ್ನು ತಂದು ನಿಲ್ಲಿಸಿದನು. ಬಾಲ್ಯದಲ್ಲೇ ಕಳವಾದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಹುಡುಕುತ್ತಾ ನಾಡಿಂದ ನಾಡಿಗೆ ಅಲೆಯುವ ತಂದೆ ಅವನು.

ಹ್ಯಾನೊ ತನ್ನ ಪ್ಯೂನಿಕ್ ಭಾಷೆಯಲ್ಲಿ ಮಾತನಾಡುತ್ತಾನೆ. ಅಲ್ಲಿ ಎದುರಾದ ತರುಣನು ಕೂಡ ಹುಟ್ಟಿನಿಂದ ಕಾರ್ಥೇಜಿನವನೇ. ಆದರೆ ಎಳವೆಯಲ್ಲೇ ಕಳ್ಳರ ಪಾಲಾದ್ದರಿಂದ ತಾಯ್ನುಡಿಯನ್ನು ಮರೆತಿದ್ದಾನೆ. ಅವನ ಆಳಾದ ಮಿಲ್ಫಿಯೊ ತನಗೆ ಪ್ಯೂನಿಕ್ ಬರುವುದೆಂದು ಕೊಚ್ಚಿಕೊಂಡು ದುಭಾಷಿಯಾಗಿ ನಿಲ್ಲುತ್ತಾನೆ. ಹ್ಯಾನೊ ಆಡಿದ ಮಾತು ಲ್ಯಾಟಿನ್ನಿನ ಯಾವ ಪದದಂತೆ ಕೇಳಿಸಿತೋ ಅದೇ ಅರ್ಥವೆಂದು ಅವನು ಹೇಳುತ್ತಾ ಹೋಗುವನು. ಈ ಮುದುಕನು ಮೆರವಣಿಗೆಗಾಗಿ ಆಫ್ರಿಕದ ಇಲಿಗಳನ್ನು ತಂದಿದ್ದಾನೆ ಎನ್ನುವವರೆಗೂ ಅವನ ಪಾಂಡಿತ್ಯವು ಏರುತ್ತದೆ. ಪ್ರೇಕ್ಷಕರು ನಗುತ್ತಾರೆ. ಆಗ ಮುದುಕನು ಸರಾಗವಾಗಿ ಅವರದೇ ಭಾಷೆಯಲ್ಲಿ ಮಾತನಾಡಲಾರಂಭಿಸುತ್ತಾನೆ! ಅವನಿಗೆ ಎಲ್ಲ ಭಾಷೆಗಳೂ ಬರುವುದೆಂದೂ ಬಾರದವನಂತೆ ನಟಿಸುವನೆಂದೂ ನಾಟಕದ ಪೀಠಿಕೆಯಲ್ಲೇ ಕವಿಯು ಹೇಳಿಟ್ಟಿದ್ದಾನೆ. ನಗೆಯು ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಹಿಂದಿರುಗಿ ಬೀಳುತ್ತದೆ. ಹಾಸ್ಯಾಸ್ಪದನಾದವನು ತಿಳಿಯದೆ ತಿಳಿದವನಂತೆ ನಟಿಸಿದ ದುಭಾಷಿ. ಕೊನೆಗೆ ತರುಣನು ಹ್ಯಾನೊನ ಸೋದರ ಸಂಬಂಧಿಯ ಮಗನೆಂದು ಎಡಗೈಯ ಮೇಲಿನ ಮಂಗ ಕಚ್ಚಿದ ಗಾಯದ ಗುರುತಿನಿಂದ ತಿಳಿದುಬರುತ್ತದೆ. ಮಾತು ಮರೆತವನನ್ನು ಗಾಯವು ತವರಿಗೆ ಸೇರಿಸಿತು.

ಪ್ಲಾಟಸನು ಕಾರ್ಥೇಜಿನವರನ್ನು ಪೂಜಿಸಲಿಲ್ಲ. ಅವರ ನೀಳುಡುಗೆ, ಕಪಟ ಮೊದಲಾದುವನ್ನು ಕುರಿತ ಚಟಾಕಿಗಳು ಅವನಲ್ಲಿಯೂ ಇವೆ. ಆದರೂ ಶತ್ರುವಿನ ಭಾಷೆಯು ಅವನ ಕಿವಿಗೆ ಸದ್ದಾಗಿರಲಿಲ್ಲ. ವಿದ್ವಾಂಸರು ಇಂದಿಗೂ ಆ ಸಾಲುಗಳಿಂದ ಪ್ಯೂನಿಕ್ ಭಾಷೆಯನ್ನು ಅಭ್ಯಾಸ ಮಾಡುತ್ತಿರುವುದೇ ಇದಕ್ಕೆ ಸಾಕ್ಷಿ. ಒಂದು ಭಾಷೆಯನ್ನು ನಗೆಗಾಗಿ ಬಳಸಿಯೂ ಅದಕ್ಕೆ ಮರ್ಯಾದೆ ಸಲ್ಲಿಸಬಹುದೆಂದು ಪ್ಲಾಟಸನು ತೋರಿಸಿಕೊಟ್ಟನು.

೪

ಈಗ ಕಾಲವನ್ನು ದಾಟಿ ಹದಿನೆಂಟನೆಯ ಶತಮಾನದ ಆಂಗ್ಲ ಸಾಹಿತ್ಯಕ್ಕೆ ಬರೋಣ. ಯುರೋಪಿನ ಹಡಗುಗಳು ಲೋಕದ ಎಲ್ಲ ದಡಗಳನ್ನೂ ಮುಟ್ಟಿದ್ದ ಕಾಲವದು. ಆದುದರಿಂದ ನಮ್ಮ ಪ್ರಶ್ನೆಯು ಅಲ್ಲಿ ಮತ್ತೊಮ್ಮೆ ತಲೆಯೆತ್ತಿತು. ಡೀಫೊ ಬರೆದ ‘ರಾಬಿನ್ಸನ್ ಕ್ರೂಸೊ’ ೧೭೧೯ರಲ್ಲಿಯೂ, ಸ್ವಿಫ್ಟ್ ಬರೆದ ‘ಗಲಿವರನ ಯಾತ್ರೆಗಳು’ ೧೭೨೬ರಲ್ಲಿಯೂ ಪ್ರಕಟವಾದುವು. ಇವೆರಡೂ ಮಕ್ಕಳ ಪುಸ್ತಕಗಳಾಗಿ ನಮ್ಮ ಶಾಲೆಗಳ ಕಪಾಟುಗಳನ್ನು ಸೇರಿವೆ. ಪಾಠ ಹೇಳುವ ವೃತ್ತಿಯವರಾದ ನಾವು ಇವುಗಳಲ್ಲಿ ಒಂದನ್ನೇ ಗಮನಿಸೋಣ: ಮೊದಲ ಪಾಠ.

ಕ್ರೂಸೊ ದ್ವೀಪದಲ್ಲಿ ಒಬ್ಬನ ಪ್ರಾಣವನ್ನು ಉಳಿಸುತ್ತಾನೆ. ಅವನನ್ನು ಉಳಿಸಿದ ದಿನದ ಮೇಲಿಂದ ಅವನಿಗೆ ‘ಫ್ರೈಡೆ’, ಅಂದರೆ ಶುಕ್ರವಾರ ಎಂದು ಹೆಸರಿಡುತ್ತಾನೆ. ಅವನಿಗೆ ತಾಯಿತಂದೆಗಳು ಇಟ್ಟ ಹೆಸರೊಂದು ಇದ್ದಿರಬೇಕಲ್ಲವೆ? ಕ್ರೂಸೊ ಕೇಳಲಿಲ್ಲ. ಬಳಿಕ ತನ್ನನ್ನು ‘ಯಜಮಾನ’ ಎಂದು ಕರೆಯಲು ಕಲಿಸಿ, ಅದೇ ತನ್ನ ಹೆಸರೆಂದು ತಿಳಿಸುತ್ತಾನೆ. ಅನಂತರ ‘ಹೌದು’, ‘ಇಲ್ಲ’ ಎಂಬ ಎರಡು ಪದಗಳು. ಇದಕ್ಕೂ ಮುಂಚೆ, ಬದುಕಿಕೊಂಡ ಆ ಮನುಷ್ಯನು ನೆಲದ ಮೇಲೆ ತಲೆಯಿಟ್ಟು ಕ್ರೂಸೊನ ಪಾದವನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದನು. ಅದರ ಅರ್ಥವೇನು? ಎಂದೆಂದಿಗೂ ನಿನ್ನ ಗುಲಾಮನಾಗಿರುವೆನೆಂಬ ಆಣೆ ಎಂದು ಕ್ರೂಸೊ ಹೇಳುತ್ತಾನೆ. ಹಾಗೆಂದು ಅವನಿಗೆ ಯಾರು ಹೇಳಿದರು? ಪಾದವನ್ನು ಮುಟ್ಟಿ ನಮಸ್ಕರಿಸುವ ನಾಡಿನವರಾದ ನಮಗೆ ಆ ಸನ್ನೆಗೆ ಬೇರೆ ಅರ್ಥಗಳೂ ಹೊಳೆಯುತ್ತವೆ. ಸನ್ನೆಯು ಭಾಷೆಯಿಲ್ಲದವರ ಭಾಷೆಯೆಂದು ಹೇಳುವುದುಂಟು. ಆದರೆ ಸನ್ನೆಗೆ ಅರ್ಥ ಹಚ್ಚುವವನು ಒಬ್ಬನೇ ಆದಾಗ, ಆ ಅರ್ಥವನ್ನು ಅಲ್ಲಗಳೆಯಲು ಇನ್ನೊಬ್ಬನಿಗೆ ಬಾಯಿಯೇ ಇಲ್ಲದಾಗ, ಅದು ಮಿಲ್ಫಿಯೊನ ದುಭಾಷಿತನವೇ ಆಗುತ್ತದೆ. ವ್ಯತ್ಯಾಸವಿಷ್ಟೆ: ಮಿಲ್ಫಿಯೊನನ್ನು ತಿದ್ದಲು ಹ್ಯಾನೊ ಇದ್ದನು, ಕ್ರೂಸೊನನ್ನು ತಿದ್ದಲು ಆ ದ್ವೀಪದಲ್ಲಿ ಯಾರೂ ಇರಲಿಲ್ಲ. ಇಬ್ಬರ ನಡುವೆ ಪ್ರೀತಿಯು ಬೆಳೆಯಲಿಲ್ಲವೆಂದು ನಾವು ಹೇಳುವುದಿಲ್ಲ, ಬೆಳೆಯಿತು. ಆದರೆ ಕಲಿತವನು ಒಬ್ಬನೇ. ಫ್ರೈಡೆ ಕೊನೆಯವರೆಗೂ ಮುರುಕು ಇಂಗ್ಲಿಷನ್ನು ಆಡುತ್ತಾನೆ. ಕ್ರೂಸೊ ಅವನ ಭಾಷೆಯನ್ನು ಮುರುಕಾಗಿಯೂ ಆಡುವುದನ್ನು ನಾವು ಕಾಣೆವು.

ಗಲಿವರನ ರೀತಿ ಇದಕ್ಕೆ ವಿರುದ್ಧವಾದುದು. ಅವನು ಯಾವ ದಡಕ್ಕೆ ಬಿದ್ದರೂ ಮೊದಲು ಅಲ್ಲಿಯ ಭಾಷೆಯನ್ನು ಕಲಿಯುತ್ತಾನೆ. ಅಂಗುಲಗಳ ಲೆಕ್ಕದ ಕುಬ್ಜರ ನಾಡಿನಲ್ಲಿ ಅವನಿಗೆ ಪಾಠ ಹೇಳಲು ಆರು ಮಂದಿ ಪಂಡಿತರನ್ನು ನೇಮಿಸುತ್ತಾರೆ. ಅವನು ಅಲ್ಲಿ ಕಲಿತ ಮೊದಲ ಮಾತು, ನನಗೆ ಬಿಡುಗಡೆ ಕೊಡಿ ಎಂಬ ಪ್ರಾರ್ಥನೆ. ಒಂದು ಪುಸ್ತಕದ ಮೊದಲ ಮಾತು ಯಜಮಾನ; ಇನ್ನೊಂದರ ಮೊದಲ ಮಾತು ಬಿಡುಗಡೆ. ಏಳು ವರ್ಷಗಳ ಅಂತರದಲ್ಲಿ ಒಂದೇ ನಾಡಿನ ಓದುಗರ ಮುಂದೆ ಬಂದ ಈ ಎರಡು ಮಾತುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ವಿಮರ್ಶಕನು ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ.

ದೈತ್ಯರ ನಾಡಿನ ಭಾಗವು ಇನ್ನೂ ಹೃದ್ಯವಾದುದು. ಅಲ್ಲಿ ಗಲಿವರನ ಗುರುವು ಒಂಬತ್ತು ವರ್ಷದ ಒಬ್ಬ ರೈತನ ಮಗಳು. ಎತ್ತರವು ನಲವತ್ತು ಅಡಿಗಳಷ್ಟಿದ್ದರೂ ವಯಸ್ಸಿಗೆ ಕುಳ್ಳಿಯೆಂದೇ ಆಕೆಯ ಹೆಸರು. ಅವನು ಒಂದು ವಸ್ತುವನ್ನು ಬೆರಳಿನಿಂದ ತೋರಿಸುತ್ತಾನೆ. ಆಕೆ ಅದರ ಹೆಸರನ್ನು ಹೇಳುತ್ತಾಳೆ. ಕೆಲವೇ ದಿನಗಳಲ್ಲಿ ತನಗೆ ಬೇಕಾದುದನ್ನು ಕೇಳಿ ಪಡೆಯುವಷ್ಟು ಮಾತು ಅವನಿಗೆ ಬರುತ್ತದೆ. ಅದೇ ಮನೆಯ ಯಜಮಾನನು ಅವನನ್ನು ಊರೂರಿಗೆ ಒಯ್ದು ದುಡ್ಡಿಗಾಗಿ ಪ್ರದರ್ಶನಕ್ಕಿಡುತ್ತಾನೆ. ಅದನ್ನು ಕೇಳಿ ಹುಡುಗಿಯು ಅಳುತ್ತಾಳೆ. ಒಂದೇ ಮನೆಯಲ್ಲಿ ಒಬ್ಬರಿಗೆ ಪರದೇಶಿಯು ನೋಟದ ಸರಕು, ಇನ್ನೊಬ್ಬರಿಗೆ ಮಾತು ಬರಬೇಕಾದ ಜೀವ. ಮುಂದೆ ಆ ನಾಡಿನ ದೊರೆಯು ಗಲಿವರನನ್ನು ಕಂಡಾಗ, ಯಾರೋ ಜಾಣನು ಮಾಡಿದ ಕೀಲುಗೊಂಬೆಯಿರಬೇಕೆಂದು ಮೊದಲು ಭಾವಿಸುತ್ತಾನೆ. ಅವನ ಮಾತಿನಲ್ಲಿ ಕ್ರಮವೂ ವಿವೇಕವೂ ಇರುವುದನ್ನು ಕೇಳಿ ಬೆರಗಾಗುತ್ತಾನೆ. ಗೊಂಬೆಯು ಮನುಷ್ಯನಾದದ್ದು ಆ ಪುಟ್ಟ ಹುಡುಗಿಯು ಕಲಿಸಿದ ಮಾತಿನಿಂದ.

ಶಿಕ್ಷಕರ ತರಬೇತಿಯಲ್ಲಿ ನಾವು ಕಲಿತ ನೇರ ಪದ್ಧತಿ ಎಂಬುದೂ ಇದೇ ಅಲ್ಲವೆ? ವಸ್ತುವನ್ನು ತೋರಿಸು, ಹೆಸರನ್ನು ಹೇಳು, ಮಗುವು ಹೇಳಲಿ. ಸಪ್ತಭಾಷೆಗಳ ಸಂಗಮವೆಂದು ಹೆಸರಾದ ಈ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಅಥವಾ ಮಲೆಯಾಳ. ಒಂದನೆಯ ತರಗತಿಯಲ್ಲಿ ಮಗುವು ಕಿಟಕಿಯತ್ತ ಬೆರಳು ಮಾಡಿ ತನ್ನ ಮನೆಮಾತಿನ ಹೆಸರನ್ನು ಹೇಳಿದಾಗ, ‘ತಪ್ಪು’ ಎನ್ನುವ ಉಪಾಧ್ಯಾಯನು ಕ್ರೂಸೊನ ಶಿಷ್ಯ. ಆ ಹೆಸರನ್ನು ತಾನೂ ಒಮ್ಮೆ ಉಚ್ಚರಿಸಿ, ಬಳಿಕ ಕನ್ನಡದ ಹೆಸರನ್ನು ಕೊಡುವವನು ಆ ರೈತನ ಮಗಳ ಶಿಷ್ಯ.

೫

ಈ ನಾಲ್ಕು ಕೃತಿಗಳಿಂದ ನಮ್ಮ ಸಾಹಿತ್ಯಕ್ಕೆ ಆಗಬೇಕಾದ ಪ್ರಯೋಜನವೇನು? ಗಡಿನಾಡಿನ ಕನ್ನಡಿಗರಾದ ನಾವು ೧೯೫೬ರಿಂದ ಈಚೆಗೆ ಕಚೇರಿಯ ಕಿಟಕಿಗಳ ಮುಂದೆ ನಮ್ಮ ಭಾಷೆಯು ಸದ್ದಾಗುವ ಅನುಭವವನ್ನು ಬಲ್ಲೆವು. ಅರ್ಜಿಯು ಓದಲ್ಪಡದೆ ಹಿಂದಿರುಗಿದಾಗ ಆಗುವ ನೋವನ್ನು ಬೇರೆ ಯಾರೂ ನಮಗೆ ವಿವರಿಸಬೇಕಾಗಿಲ್ಲ. ಆದುದರಿಂದಲೇ ಚಾರಿಷನ್ ಪ್ರಹಸನದ ನಗೆಯನ್ನು ನಾವು ಇತರ ಕನ್ನಡಿಗರಿಗಿಂತ ಚೆನ್ನಾಗಿ ಗುರುತಿಸಬಲ್ಲೆವು. ಹಾಗೆ ಗುರುತಿಸಬಲ್ಲ ನಮ್ಮ ವಾರ್ಷಿಕೋತ್ಸವಗಳ ಕಿರುನಾಟಕಗಳಲ್ಲಿ ಯಾರು ನಗೆಪಾಟಲಾಗುತ್ತಿದ್ದಾರೆ ಎಂಬುದನ್ನು ಒಮ್ಮೆ ಯೋಚಿಸಬೇಕು. ಮುರುಕು ಕನ್ನಡವನ್ನಾಡುವ ಚಹಾದಂಗಡಿಯವನು, ಮುರುಕು ಕನ್ನಡವನ್ನಾಡುವ ಸಾಲಿಗ; ಈಚೆಗೆ ಬಂಗಾಳ, ಅಸ್ಸಾಂ, ಒಡಿಶಾಗಳಿಂದ ಕೆಲಸಕ್ಕೆ ಬಂದ ಕೂಲಿಯವನು. ಬಾಯಿ ತೆರೆದರೆ ಸಾಕು, ಸಭೆಯು ನಗುತ್ತದೆ. ಅವನು ತನ್ನ ಭಾಷೆಯಲ್ಲಿ ಎಷ್ಟು ವಿವೇಕಿಯಾಗಿರಬಹುದೆಂದು ಬರೆದವರು ಯೋಚಿಸಿಲ್ಲ. ಗಾಂಭೀರ್ಯವು ನಮ್ಮ ಭಾಷೆಯಲ್ಲಿ, ಗದ್ದಲವು ಅವರದರಲ್ಲಿ ಎಂಬ ಆ ಹಳೆಯ ವಿಂಗಡಣೆಯೇ ಇಲ್ಲಿಯೂ ಇದೆ. ನಗೆಯೇ ಬೇಡವೆಂದು ನಮ್ಮ ವಾದವಲ್ಲ. ಪ್ಲಾಟಸನಂತೆ ನಗಿಸುವ ಬರಹಗಾರನು ನಮ್ಮಲ್ಲಿಯೂ ಹುಟ್ಟಲಿ. ಆ ಕೂಲಿಯವನು ನಮ್ಮೆಲ್ಲರ ಮಾತನ್ನೂ ಮೊದಲಿನಿಂದ ಅರ್ಥಮಾಡಿಕೊಂಡಿದ್ದನೆಂದು ಕೊನೆಯ ದೃಶ್ಯದ ಹೊತ್ತಿಗೆ ತಿಳಿದುಬರಲಿ. ಆಗ ಸಭೆಯು ನಗುವ ನಗೆಯ ರುಚಿಯೇ ಬೇರೆ.

ಇನ್ನೊಂದು ಮಾತು. ನಮ್ಮ ಊರುಗಳಿಂದ ಕೊಲ್ಲಿಯ ನಾಡುಗಳಿಗೆ ಹೋದವರು ಮನೆಗೊಬ್ಬರಂತೆ ಇದ್ದಾರೆ. ಅರಬ್ಬಿಯ ಒಂದು ಪದವೂ ಬಾರದೆ ಹೋಗಿ, ಅಂಗಡಿಯಲ್ಲೋ ಅಡುಗೆಮನೆಯಲ್ಲೋ ದುಡಿದು, ಅಲ್ಲಿಯವರೊಡನೆ ಮಾತು ಕೂಡಿಸಿಕೊಂಡವರು ಅವರು. ಕಟ್ಟಡಗಳ ಎತ್ತರವನ್ನೂ ರಸ್ತೆಗಳ ನುಣುಪನ್ನೂ ಅವರು ಬಂದು ಹೇಳುತ್ತಾರೆ. ನಾವೂ ಅದನ್ನೇ ಕೇಳುತ್ತೇವೆ. ಅವರು ಕಲಿತ ಮೊದಲ ಪದ ಯಾವುದು, ಅದನ್ನು ಕಲಿಸಿದವರು ಯಾರು, ಆ ಪದವು ಯಜಮಾನನ ಕಡೆಯದೋ ಬಿಡುಗಡೆಯ ಕಡೆಯದೋ ಎಂದು ನಾವು ಕೇಳಬೇಕಾಗಿದೆ, ಅವರು ಬರೆಯಬೇಕಾಗಿದೆ. ಕೆಲವು ಪುಟಗಳೇ ಆದರೂ ಸರಿ. ಪೆರಿಪ್ಲಸ್ ಸರಕುಗಳ ಪಟ್ಟಿಯನ್ನು ಬಿಟ್ಟುಹೋಯಿತು, ಪ್ರಹಸನವು ನಗೆಯನ್ನು ಬಿಟ್ಟುಹೋಯಿತು; ಅವುಗಳ ನಡುವೆ ಮಾತು ಕಲಿತು ಬಾಳಿದ ದುಭಾಷಿಯ ಕಥೆಯು ಅಂದಿನಂತೆ ಇಂದೂ ಬರೆಯಲ್ಪಡದೆ ಹೋಗಬಾರದು. ಅದನ್ನು ಬರೆಯುವವರಿಗೆ ನಮ್ಮ ಈ ಸಣ್ಣ ಪತ್ರಿಕೆಯ ಪುಟಗಳು ಮೀಸಲಾಗಿರಲೆಂದು ಸಂಪಾದಕರಲ್ಲಿ ನಮ್ಮ ಬಿನ್ನಹ.

ಗೋವಿಂದ ಪೈಗಳು (೧೮೮೩-೧೯೬೩) ಮಂಜೇಶ್ವರದಲ್ಲಿ ಕುಳಿತು ಗ್ರೀಕನ್ನು ಕಲಿತವರು. ಇನ್ನೂ ಹಲವು ಭಾಷೆಗಳನ್ನು ಕಲಿತವರು. ಈಜಿಪ್ಟಿನ ತಿಪ್ಪೆಯ ಒಂದು ಹಾಳೆಯಲ್ಲಿ ನಮ್ಮ ಕಡೆಯವರ ಮಾತು ಸದ್ದಾಗಿ ಬಿದ್ದಿರುವುದನ್ನು ಕಂಡು, ಆ ಸದ್ದಿನೊಳಗಿನ ಅರ್ಥವೇನೆಂದು ವಿಚಾರಿಸಲು ಅವರು ಹೊರಟುದು ನಕ್ಕವರ ಭಾಷೆಯನ್ನು ಕಲಿತ ಬಳಿಕ. ಅವರ ನಿರ್ಣಯಗಳನ್ನು ಪಂಡಿತರು ಒಪ್ಪಲಿ ಬಿಡಲಿ. ಆ ಪ್ರಹಸನಕ್ಕೆ ಇದಕ್ಕಿಂತ ಯೋಗ್ಯವಾದ ಉತ್ತರವನ್ನು ಕನ್ನಡವು ಇನ್ನೂ ಕೊಟ್ಟಿಲ್ಲ.